ಫೋನು ಕಾದ ವರ್ಷಗಳು

ಕ್ಯಾತನಹಳ್ಳಿಯ ಮನೆಗೆ ಫೋನು ಬಂದಾಗ ನಾನು ಆ ಮನೆಗೆ ಸೊಸೆಯಾಗಿ ಬಂದು ವರ್ಷ ತುಂಬಿರಲಿಲ್ಲ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಊರಿಗೆ ಅದಕ್ಕೂ ಮೊದಲೇ ತಂತಿ ಎಳೆದಿದ್ದರಂತೆ. ಕಬ್ಬಿನ ಕಾಲದಲ್ಲಿ ಎತ್ತರಕ್ಕೆ ಹೇರಿಕೊಂಡು ಹೋಗುವ ಲೋಡುಗಳಿಗೆ ಸಿಕ್ಕಿ ಅದು ಪದೇ ಪದೇ ಹರಿದು ಬೀಳುತ್ತಿತ್ತಂತೆ. ಕೊನೆಗೆ ತಂತಿಯ ಸಹವಾಸವೇ ಬೇಡವೆಂದು ವೈರ್‌ಲೆಸ್ ಫೋನು ಕೊಟ್ಟರು. ತಾರಸಿಯ ಮೇಲೆ ಕಬ್ಬಿಣದ ಪೈಪು ನಿಲ್ಲಿಸಿ, ತುದಿಗೆ ಮೀನಿನ ಮುಳ್ಳಿನಂಥ ಆಂಟೆನಾ ಕಟ್ಟಿ, ಅದರ ಮುಖವನ್ನು ಪಾಂಡವಪುರದ ಟವರಿನ ಕಡೆಗೆ ತಿರುಗಿಸಿದರು. ಅಲ್ಲಿಂದ ಇಳಿದ ಕಪ್ಪು ಕೇಬಲ್ಲು ಹಜಾರದ ಗೋಡೆಯ ಮೇಲಿನ ಒಂದು ಪೆಟ್ಟಿಗೆಗೆ ಸೇರುತ್ತಿತ್ತು. ಕರೆಂಟು ಹೋದರೂ ನಡೆಯಲೆಂದು ಪೆಟ್ಟಿಗೆಯ ಕೆಳಗೆ ಒಂದು ಬ್ಯಾಟರಿ. ಪಕ್ಕದ ಮೇಜಿನ ಮೇಲೆ ಫೋನು.

ನನ್ನ ಮಾವ ಊರಿಗೆ ಬೇಕಾದವರು. ನಾಲೆ ನೀರಿನ ಜಗಳವಿರಲಿ, ಹಾಲಿನ ಡೈರಿಯ ತಕರಾರಿರಲಿ, ನಮ್ಮ ಜಗಲಿಗೆ ಬಂದು ಇತ್ಯರ್ಥವಾಗುತ್ತಿತ್ತು. ಫೋನು ಕೂತ ಸಂಜೆ ಅವರು ಅಲ್ಲಿ ಸೇರಿದ್ದವರಿಗೆಲ್ಲ ಹೇಳಿದರು: "ಇದು ನಮ್ಮನೆ ಫೋನಲ್ಲ ಕಣ್ರಲಾ, ಊರ್ ಫೋನು. ನಿಮ್ ನೆಂಟ್ರಿಗೆಲ್ಲ ನಂಬರ್ ಕೊಟ್ಬುಡಿ. ಬಂದ್ರೆ ಕರಿಯಕ್ಕೆ ನಾವಿದ್ದೀವಿ."

ನಾವು ಎಂದರೆ ನಾನು ಎಂಬುದು ಆ ಸಂಜೆ ಯಾರಿಗೂ ಹೊಳೆದಿರಲಿಲ್ಲ, ಮಾವನಿಗೂ.

ಹೊಳೆದದ್ದು ಕೆಲವು ದಿನ ಕಳೆದ ಮೇಲೆ. ನಮ್ಮ ಬೀದಿಯ ಒಬ್ಬ ಹೆಂಗಸಿನ ಮಗ ಮಿಲಿಟರಿಯಲ್ಲಿದ್ದ. ಉತ್ತರದ ಯಾವುದೋ ಮೂಲೆಯಿಂದ ಅವನು ಮಾಡಿದ ಕರೆ ಮೊದಲು ಹಿಂದಿಯ ಆಪರೇಟರನ ಬಾಯಿಂದ ಬಂತು. ಮಾವ ಎತ್ತಿಕೊಂಡು, "ಅಲೋ, ಅಲೋ, ಯಾರ್ಲಾ ಅದು?" ಎಂದು ಕೂಗಿ, ಆ ಕಡೆಯ ಮಾತು ತಿಳಿಯದೆ ಇಟ್ಟುಬಿಟ್ಟರು. ಮತ್ತೆ ರಿಂಗಾಯಿತು. ನಾನು ಅಡಿಗೆಮನೆಯಿಂದ ಕೈ ಒರೆಸಿಕೊಂಡು ಬಂದು ಎತ್ತಿದೆ. ಮೈಸೂರಿನ ಹಾಸ್ಟೆಲಿನಲ್ಲಿ ಕಲಿತ ಹರಕುಮುರುಕು ಹಿಂದಿಯಲ್ಲಿ ಸ್ವಲ್ಪ ತಡೆಯಿರಿ ಎಂದು ಹೇಳಿ ಆ ತಾಯಿಯನ್ನು ಕರೆಸಿದೆ. ಆಕೆ ಸೆಗಣಿ ಕೈಯಲ್ಲೇ ಓಡಿ ಬಂದು, ರಿಸೀವರನ್ನು ತಲೆಕೆಳಗು ಹಿಡಿದು, ಅಳುತ್ತ ನಗುತ್ತ ಮಾತಾಡಿದಳು. ಮಾತು ಮುಗಿದ ಮೇಲೆ ನನ್ನ ಕೆನ್ನೆ ಸವರಿ ನೆಟಿಕೆ ಮುರಿದಳು.

ಅವತ್ತು ಮಾವನ ಮುಖ ನೋಡಬೇಕಿತ್ತು. ಜಗಲಿಯ ಮೇಲಿದ್ದವರಿಗೆಲ್ಲ ಕೇಳುವಂತೆ, "ನಮ್ ಸೊಸೆ ಒಬ್ಳು ಮನೇಲಿದ್ರೆ ಡೆಲ್ಲಿಯಿಂದ ಮಾಡುದ್ರೂ ಭಯ ಇಲ್ಲ ಕಣ್ಲಾ" ಎಂದರು. ನನಗೂ ಹೆಮ್ಮೆಯೇ ಆಯಿತು. 'ಮನೇಲಿದ್ರೆ' ಎಂಬ ಮಾತು ಹೇಗೆ ಸುತ್ತಿಕೊಳ್ಳುತ್ತದೆ ಎಂದು ಆಗ ತಿಳಿಯಲಿಲ್ಲ.

ಫೋನು ಬಡಿದುಕೊಳ್ಳುವುದು, ನಾನು ಓಡಿ ಬಂದು ಎತ್ತುವುದು, ಯಾರಿಗೆ ಬಂದಿದೆಯೆಂದು ಕೇಳಿ ಬೀದಿಗೆ ಹೋಗಿ ಕೂಗುವುದು, ಅವರು ಬಂದು ಮಾತಾಡಿ ಹೋಗುವವರೆಗೆ ಕಾದಿರುವುದು. ಯಾರದೋ ಮಗಳಿಗೆ ಹೆರಿಗೆ, ಯಾರದೋ ಮಾವನ ಸಾವು, ಯಾರಿಗೋ ಕೆ.ಆರ್.ಪೇಟೆಯ ಕಡೆಯ ಗಂಡು, ಎಲ್ಲ ಮೊದಲು ನನ್ನ ಕಿವಿಗೆ ಬೀಳುತ್ತಿತ್ತು. ಊರಿನ ಹೆಂಗಸರು ನನ್ನನ್ನು ಫೋನಕ್ಕ ಎಂದು ಕರೆಯಲು ಶುರುಮಾಡಿದರು. ಆ ಹೆಂಗಸರೇ ನಾಲೆಗೆ ಬಟ್ಟೆ ಒಗೆಯಲು ಹೋಗುವಾಗ, "ಫೋನಕ್ಕ, ನೀನ್ ಬರಕಾಯ್ತದಾ, ಇರು ಬುಡವ್ವ" ಎಂದು ನಗುತ್ತ ಮುಂದೆ ಹೋಗುತ್ತಿದ್ದರು. ನಾಲೆಗೆ ಹೋಗಿ ಬಟ್ಟೆ ಒಗೆಯುವುದು ಸುಖದ ಕೆಲಸವೇನಲ್ಲ. ಆದರೂ ಅವರ ಬೆನ್ನು ಮರೆಯಾಗುವವರೆಗೆ ಬಾಗಿಲಲ್ಲೇ ನಿಂತು ನೋಡುತ್ತಿದ್ದೆ.

ಅತ್ತೆಗೆ ಮಂಡಿನೋವು. ಅವರು ಹಗಲೆಲ್ಲ ಫೋನಿನ ಮೇಜಿನ ಪಕ್ಕದ ಗೋಡೆಗೆ ಒರಗಿ, ಕಾಲು ಚಾಚಿ ಕೂತಿರುತ್ತಿದ್ದರು. ಅವರೆಕಾಯಿ ಸುಲಿಯುವುದೋ ಅಕ್ಕಿ ಆರಿಸುವುದೋ ಕೈಯಲ್ಲಿ ನಡೆದಿರುತ್ತಿತ್ತು, ಕಿವಿ ಮಾತ್ರ ಫೋನಿನ ಕಡೆಗೆ. ಬಂದವರ ಮಾತು ಒಂದನ್ನೂ ಬಿಡುತ್ತಿರಲಿಲ್ಲ. ಆದರೆ ತಾವಾಗಿ ರಿಸೀವರ್ ಮುಟ್ಟುತ್ತಿರಲಿಲ್ಲ. ನಾನು ಹಿತ್ತಲಲ್ಲಿದ್ದರೆ, ಕೈಗೆಟುಕುವ ಫೋನನ್ನು ಬಡಿದುಕೊಳ್ಳಲು ಬಿಟ್ಟು, "ಫೋನು ಕಣಮ್ಮಿ, ಫೋನು!" ಎಂದು ಕೂಗುತ್ತಿದ್ದರು.

ಮದುವೆಗೆ ಮೊದಲು ನಾನು ಬಿ.ಎಸ್ಸಿ. ಮುಗಿಸಿದ್ದೆ. ಶ್ರೀರಂಗಪಟ್ಟಣದಲ್ಲಿ ಮೇಷ್ಟರಾಗಿದ್ದ ನನ್ನ ಅಪ್ಪ ಮಾತುಕತೆಯ ದಿನವೇ, ಮುಂದೆ ಕೆಲಸಕ್ಕೆ ಹೋಗುವ ಆಸೆ ಇದೆ ಎಂದು ಹೇಳಿದ್ದರು. ಮಾವ ಒಪ್ಪಿದ್ದರು. ಈಗಲೂ ಅವರು ಬೇಡ ಅನ್ನಲಿಲ್ಲ. ಆ ವಿಷಯ ಎತ್ತಿದಾಗಲೆಲ್ಲ, "ಓಗೀವಂತೆ ಬುಡು ಮಗ. ಈಗ ಊರೋರೆಲ್ಲ ನಿನ್ನೇ ನೆಚ್ಕೊಂಡವ್ರೆ" ಎನ್ನುತ್ತಿದ್ದರು. ಅವರ ದನಿಯಲ್ಲಿ ಅಕ್ಕರೆ ಇರುತ್ತಿತ್ತು. ಗದರಿಸಿದ್ದರೆ ತಿರುಗಿ ಮಾತಾಡಬಹುದಿತ್ತು.

ಒಂದು ಸಲ ತವರಿಗೆ ಹೋದೆ. ಬಸ್ಸು ಹತ್ತಿದರೆ ಎಷ್ಟು ಹೊತ್ತಿನ ದಾರಿ? ಆದರೂ ಹಬ್ಬ ಕಳೆದು ತಿಂಗಳುಗಳಾಗಿದ್ದವು, ಹೋಗಿರಲಿಲ್ಲ. ಮಾರನೆಯ ಬೆಳಿಗ್ಗೆ ಅಮ್ಮ ನನ್ನ ತಲೆಗೆ ಹರಳೆಣ್ಣೆ ಹಚ್ಚಿ ತಟ್ಟುತ್ತಿದ್ದರು. ನೀರು ಕಾಯುತ್ತಿತ್ತು. ಅಷ್ಟರಲ್ಲಿ ಫೋನಿದ್ದ ಪಕ್ಕದ ಮನೆಯವರು ಬಂದು, ನಿಮ್ಮ ಮಾವನವರು ಲೈನಿನಲ್ಲಿದ್ದಾರೆ ಎಂದರು. ಹೋಗಿ ಎತ್ತಿದರೆ ಮಾವನ ಗಾಬರಿ ದನಿ: "ಮಗಾ, ಬೆಳಗಿಂದ ಯಾರೋ ಇಂದೀಲಿ ಬಡ್ಕತಾವ್ರೆ. ಮಿಲ್ಟ್ರಿ ಉಡ್ಗಂಗೆ ಏನಾಗದೋ ಏನೋ, ಅವರವ್ವ ಬಂದು ನಮ್ ಬಾಗ್ಲಲ್ಲಿ ಕುಂತವ್ಳೆ. ನೀನೊಸಿ ಬಂದ್ಬುಡವ್ವ."

ಎಣ್ಣೆ ತಲೆಯನ್ನೇ ಗಂಟು ಕಟ್ಟಿಕೊಂಡು ಹೊರಟೆ. ಅಮ್ಮ ಬಚ್ಚಲೊಲೆಯ ಬೆಂಕಿಯನ್ನು ಹಿಂದಕ್ಕೆಳೆದರು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವಳು ಎಣ್ಣೆ ಸೀರೆಗೆ ತಾಗುತ್ತದೆಂದು ಸರಿದು ಕೂತಳು. ಊರು ಸೇರಿ ಕರೆಗೆ ಕಾದು ಕೂತರೆ, ಹುಡುಗನಿಗೆ ಏನೂ ಆಗಿರಲಿಲ್ಲ. ರಜ ಸಿಕ್ಕಿದೆ, ಬರುತ್ತೇನೆಂದು ತಿಳಿಸಲು ಮಾಡಿದ್ದನಂತೆ. ಆ ತಾಯಿಗೆ ಹೋದ ಜೀವ ಬಂತು. ಎಲ್ಲರೂ ನನ್ನನ್ನು ಹೊಗಳಿದರು. ನಾನು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು, ನೀರು ಹುಯ್ಯುವ ಸದ್ದಿನಲ್ಲಿ ಅತ್ತುಬಿಟ್ಟೆ. ಆ ಸದ್ದಿನ ನಡುವೆಯೂ ಹೊರಗೆ ಫೋನು ಬಡಿದುಕೊಂಡಿತು.

ನನ್ನ ಗಂಡ ಕೆ.ಆರ್.ಪೇಟೆಯಲ್ಲಿ ಡಿಪ್ಲೊಮಾ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಹೇಳಿಕೊಡುತ್ತಿದ್ದರು. ಬೆಳಿಗ್ಗೆ ಮೋಟಾರುಬೈಕಿನಲ್ಲಿ ಹೋದರೆ ಸಂಜೆಗೆ ಬರುವುದು. ಒಳ್ಳೆಯ ಮನುಷ್ಯ, ಆದರೆ ಅವರ ಕಣ್ಣಿಗೆ ಯಂತ್ರಗಳ ಕಷ್ಟ ಬೇಗ ಕಾಣುತ್ತಿತ್ತು, ಮನುಷ್ಯರದು ತಡವಾಗಿ. ಆಗಷ್ಟೇ ಇಂಟರ್ನೆಟ್ ಎಂಬ ಮಾತು ಕೇಳಿಬರುತ್ತಿತ್ತು. ಮೈಸೂರಿನಲ್ಲಿ ನೋಡಿ ಬಂದ ಮೇಲೆ ಅವರಿಗೆ ನಿದ್ದೆಯಿಲ್ಲ. ಹಳೆಯ ಕಂಪ್ಯೂಟರೊಂದನ್ನು ತಂದು ಹಜಾರದ ಪಕ್ಕದ ಕೋಣೆಯಲ್ಲಿ, ರಾಗಿಮೂಟೆಗಳ ನಡುವೆ ಜಾಗ ಮಾಡಿ ಇಟ್ಟರು. ಅದರ ಜೊತೆಗೆ ಪುಸ್ತಕದಷ್ಟು ದೊಡ್ಡದೊಂದು ಡಬ್ಬಿ, ಮುಂದೆ ಸಾಲಾಗಿ ಕೆಂಪು ದೀಪಗಳು. ಅದೇ ಮೋಡೆಮ್ಮು. ಕಂಪ್ಯೂಟರಿನ ಮಾತನ್ನು ಫೋನಿನಲ್ಲಿ ಹೋಗುವಂಥ ಶಬ್ದ ಮಾಡಿ ಕಳಿಸುತ್ತದೆ, ಆ ಕಡೆಯಿಂದ ಬಂದ ಶಬ್ದವನ್ನು ಮತ್ತೆ ಕಂಪ್ಯೂಟರಿಗೆ ತಿಳಿಯುವಂತೆ ಮಾಡುತ್ತದೆ ಎಂದು ಅವರು ನನಗೆ ವಿವರಿಸಿದರು.

"ತಂತಿ ಫೋನಿಗಾದ್ರೆ ಸಲೀಸು. ನಮ್ದು ಗಾಳೀಲಿ ಬರೋ ಫೋನು. ಆಗಲ್ಲ ಅಂತಾರೆ ಎಲ್ಲಾರೂ. ಮಾಡೇ ತೋರಿಸ್ತೀನಿ" ಎಂದರು.

ಗೋಡೆಯ ಪೆಟ್ಟಿಗೆಯಿಂದ ಕೋಣೆಗೆ ವೈರು ಎಳೆದರು. ನಂಬರು ಒತ್ತಿದರೆ ಡಬ್ಬಿ ಕೀ ಎಂದು ಕಿರುಚಿ, ಕೊರಕೊರ ಎಂದು ಕೆಮ್ಮಿ, ಸುಮ್ಮನಾಗುತ್ತಿತ್ತು. ಒಂದು ವಾರವೆಲ್ಲ ಸಂಜೆ ಅದೇ. ಅತ್ತೆ, "ಏನ್ಲಾ ಅದು, ಬೆಕ್ಕಿನ್ ಕುತ್ಗೆ ಇಸ್ಕ್ದಂಗೆ ಕಿರುಚ್ತದಲ್ಲ" ಎಂದು ಕಿವಿ ಮುಚ್ಚಿಕೊಂಡರು. ಲೈನಿನಲ್ಲಿ ಗೊರಗೊರ ಜಾಸ್ತಿ ಇದೆ, ಆಂಟೆನಾದ ಮುಖ ಸ್ವಲ್ಪ ತಿರುಗಿರಬೇಕು ಎಂದು ನನ್ನ ಗಂಡ ತೀರ್ಮಾನಿಸಿದರು. ಭಾನುವಾರ ಬೆಳಿಗ್ಗೆ ನನ್ನನ್ನು ತಾರಸಿಗೆ ಹತ್ತಿಸಿದರು.

ಹಗಲು ಹೊತ್ತಿನಲ್ಲಿ ನಾನು ತಾರಸಿ ಹತ್ತಿದ್ದು ಅದೇ ಮೊದಲು. ಊರಿನ ಹೆಂಚಿನ ಮಾಡುಗಳ ಆಚೆ ಕಬ್ಬು, ಅದರ ಆಚೆ ನಾಲೆಯ ಏರಿ, ದೂರದಲ್ಲಿ ಕುಂತಿಬೆಟ್ಟದ ಬಂಡೆಗಳು. ಒಂದು ಆಲೆಮನೆಯಿಂದ ಹೊಗೆ ನೆಟ್ಟಗೆ ಏಳುತ್ತಿತ್ತು. ರಸ್ತೆಯಲ್ಲಿ ಪಾಂಡವಪುರದ ಬಸ್ಸು ಗೊಂಬೆಯಷ್ಟು ಸಣ್ಣದಾಗಿ ಹೋಗುತ್ತಿತ್ತು. ನಾನು ಪೈಪು ಹಿಡಿದು ನಿಂತಿದ್ದೆ. ಕೆಳಗಿನಿಂದ ಅವರ ಕೂಗು: "ಬಲಕ್ಕೆ! ಇನ್ನೂ ಚೂರು. ಅಷ್ಟೊಂದಲ್ಲ, ಕೂದಲೆಳೆ! ಹಾಂ, ಅಲ್ಲೇ ಹಿಡ್ಕೊ!" ಪೈಪು ಬಿಸಿಲಿಗೆ ಸುಡುತ್ತಿತ್ತು. ಬಸ್ಸು ಕಬ್ಬಿನ ಹಿಂದೆ ಮರೆಯಾಗುವವರೆಗೂ ನೋಡುತ್ತಿದ್ದೆ. ನನ್ನ ಕೈ ಸಡಿಲವಾಯಿತೋ ಏನೋ, ಕೆಳಗಿನಿಂದ, "ಎಲ್ಲಿ ನೋಡ್ತಾ ಇದೀಯಾ? ಅಲುಗಾಡ್‌ಬೇಡ!" ಎಂಬ ಕೂಗು ಬಂತು.

ಆಂಟೆನಾ ಸರಿಯಾದ ಮೇಲೂ ಮೋಡೆಮ್ಮು ಹತ್ತಿಕೊಳ್ಳಲಿಲ್ಲ. ಕೊನೆಗೆ ಅವರಿಗೆ ಹೊಳೆದದ್ದು ಬಹಳ ಸರಳವಾದ ಸಂಗತಿ. ಡಬ್ಬಿ ತನ್ನ ಪೂರ್ತಿ ವೇಗದಲ್ಲಿ ಮಾತಾಡಲು ಹೋಗುತ್ತಿತ್ತು, ಗಾಳಿಯ ಲೈನಿಗೆ ಅಷ್ಟು ಭಾರ ತಡೆಯುತ್ತಿರಲಿಲ್ಲ. ನಿಧಾನವಾಗಿ ಮಾತಾಡು ಎಂದು ಅದಕ್ಕೆ ಮೊದಲೇ ಒಂದು ಸಾಲಿನ ಅಪ್ಪಣೆ ಬರೆದಿಟ್ಟರು. ಆಮೇಲೆ ನಂಬರು ಹಚ್ಚಿದರೆ ಕಿರುಚಾಟ ಮುಗಿದು ಸದ್ದಡಗಿತು, ಕೆಂಪು ದೀಪಗಳು ಉಳಿದುಕೊಂಡವು. ಪರದೆಯ ಮೇಲೆ ಒಂದು ಪುಟ ಮೇಲಿನಿಂದ ಗೆರೆ ಗೆರೆಯಾಗಿ, ರಂಗೋಲಿ ಬಿಡಿಸಿದಂತೆ ಇಳಿಯತೊಡಗಿತು. ಮಾವ ಬಂದು ಹಿಂದೆ ನಿಂತು ನೋಡಿದರು. ಅರ್ಧ ಪುಟ ಬರುವಷ್ಟರಲ್ಲಿ, "ಇದ್ಕಿಂತ ಪೇಪರ್ ಉಡ್ಗನೇ ವಾಸಿ ಕಣ್ಲಾ" ಎಂದು ಜಗಲಿಗೆ ಹೋದರು. ನನ್ನ ಗಂಡ ಮಾತ್ರ ಆ ದಿನ ಊಟಕ್ಕೂ ಏಳಲಿಲ್ಲ.

ಗೆದ್ದಾದ ಮೇಲೆ ಅವರ ಹುಚ್ಚು ಇಳಿಯಿತು. ಅಷ್ಟರಲ್ಲಿ ಅವರನ್ನು ಬೆಂಗಳೂರಿಗೆ ಕೆಲವು ತಿಂಗಳ ತರಬೇತಿಗೆ ಕಳಿಸಿದರು. ಹೋಗುವ ಮುಂಚೆ ನನಗೆ ಎಲ್ಲ ಹೇಳಿಕೊಟ್ಟರು. "ದಿನಾ ಒಂದ್ಸಲ ಹಾಕಿ, ನನಗೆ ಈಮೇಲ್ ಏನಾದ್ರೂ ಬಂದಿದ್ಯಾ ನೋಡು. ನಾನು ಫೋನ್ ಮಾಡಿದಾಗ ಓದಿ ಹೇಳು." ಅಂದರೆ ಊರಿನವರ ಕರೆಗಳ ಮೇಲೆ ಇದೂ ಒಂದು ಕಾವಲು. ಹೂಂ ಎಂದೆ.

ಮೊದಲ ದಿನ ಮಧ್ಯಾಹ್ನ, ಅಡಿಗೆ ಮುಗಿಸಿ, ಮೋಡೆಮ್ಮು ಹಚ್ಚಿ ಕೂತೆ. ಅವರಿಗೆ ಯಾವ ಈಮೇಲೂ ಬಂದಿರಲಿಲ್ಲ. ಲೈನು ಬಿಡಬೇಕೆಂದು ಕೈ ಚಾಚಿದಾಗ ಏನೋ ವಿಚಿತ್ರವೆನಿಸಿತು. ಮನೆ ಸದ್ದಿಲ್ಲದೆ ಇತ್ತು. ಹಿತ್ತಲ ಕೊಟ್ಟಿಗೆಯಲ್ಲಿ ಎಮ್ಮೆ ಉಸಿರು ಬಿಡುವುದು ಕೇಳುತ್ತಿತ್ತು. ಮೋಡೆಮ್ಮು ಲೈನು ಹಿಡಿದಿರುವವರೆಗೆ ಫೋನು ಬಡಿದುಕೊಳ್ಳುವುದಿಲ್ಲ ಎಂಬುದು ಆಗ ನನ್ನ ತಲೆಗೆ ಹೋಯಿತು. ಹೊರಗಿನಿಂದ ಯಾರು ಮಾಡಿದರೂ ಎಂಗೇಜು. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಕುರ್ಚಿಗೆ ಒರಗಿ, ಸುಮ್ಮನೆ, ಏನೂ ಮಾಡದೆ ಕೂತೆ. ಮದುವೆಯಾದ ಮೇಲೆ ಅಷ್ಟು ನಿರಾಳವಾಗಿ ನಾನು ಉಸಿರಾಡಿರಲಿಲ್ಲ.

ದಿನಾ ಮಧ್ಯಾಹ್ನ ಅದು ನನ್ನ ಹೊತ್ತಾಯಿತು. ಬರೀ ಕೂತಿರಲು ಎಷ್ಟು ದಿನ ಆಗುತ್ತದೆ? ಹುಡುಕಲು ಶುರುಮಾಡಿದೆ. ಕಂಪ್ಯೂಟರು ಹೇಗೆ ಕೆಲಸ ಮಾಡುತ್ತದೆ, ಅದಕ್ಕೆ ಅಪ್ಪಣೆ ಬರೆಯುವುದು ಹೇಗೆ ಎಂದು ಹೇಳಿಕೊಡುವ ಪುಟಗಳು ಸಿಕ್ಕವು. ಒಂದೊಂದು ಪುಟ ಬರಲು ರಾಗಿ ಮುದ್ದೆ ಬೇಯುವಷ್ಟು ಹೊತ್ತು. ನಡುವೆ ಲೈನು ಕಡಿದರೆ ಮತ್ತೆ ಮೊದಲಿಂದ. ಪೂರ್ತಿ ಬಂದದ್ದನ್ನು ಕಂಪ್ಯೂಟರಿನಲ್ಲೇ ಉಳಿಸಿಕೊಂಡು, ಸಂಜೆ ಬಿಡುವಾದಾಗ ಓದಿ, ಮಾಡಿ ನೋಡುತ್ತಿದ್ದೆ. ಮಿಲಿಟರಿ ಹುಡುಗನ ತಾಯಿಗೆ ಕರೆ ಬರುವ ಹೊತ್ತು ನನಗೆ ಗೊತ್ತಿತ್ತು. ಆಗ ಮಾತ್ರ ಮುಟ್ಟುತ್ತಿರಲಿಲ್ಲ.

ಊರಿನವರಿಗೆ ಗೊತ್ತಾಗದೆ ಇರುತ್ತದೆಯೇ? "ಮದ್ಯಾನ್ದೊತ್ತು ನಿಮ್ಮನೆ ಫೋನು ಯಾವಾಗ್ಲೂ ಎಂಗೇಜಂತೆ, ನಮ್ ಬೀಗ್ರು ಬಯ್ತಾವ್ರೆ" ಎಂದು ದೂರು ಬಂತು. ಮಾವ ಕೋಣೆಯ ಬಾಗಿಲಿಗೆ ಬಂದು ನಿಂತರು. ಕೋಪ ಮಾಡಿಕೊಳ್ಳಲಿಲ್ಲ.

"ಏನವ್ವಾ ಇದ್ರಿಂದ ಉಪ್ಯೋಗ?"

"ಬೇಕಾದ್ದು ಹುಡುಕಿ ಓದಬೋದು ಮಾವ."

"ಊರ್ಗೇನಾರ ಆಯ್ತದಾ?"

ಬಾಯಿಗೆ ಬಂದದ್ದು ಹೇಳಿದೆ. "ಎಸ್ಸೆಸ್ಸೆಲ್ಸಿ ರಿಸಲ್ಟು ಈ ಸಲ ಇದ್ರಲ್ಲೇ ಬರುತ್ತಂತೆ ಮಾವ."

ನನ್ನ ಪಾಲಿನ ಒಂದು ಮೂಲೆಯನ್ನು ಉಳಿಸಿಕೊಳ್ಳಲು ಆಡಿದ ಆ ಮಾತೇ ನನ್ನನ್ನು ಇನ್ನೂ ಬಿಗಿಯಾಗಿ ಕಟ್ಟಿಹಾಕಿತು. ಮಾವ ಸಂಜೆಗೆಲ್ಲ ಊರಿಗೆ ಸಾರಿಯಾಗಿತ್ತು. ರಿಸಲ್ಟಿನ ದಿನ ನಮ್ಮ ಬಾಗಿಲಲ್ಲಿ ಜಾತ್ರೆಯಂತೆ ಜನ. ನಮ್ಮೂರವರಲ್ಲದೆ ಸುತ್ತಲ ಹಳ್ಳಿಗಳವರೂ ಸೈಕಲ್ಲು, ಟ್ರಾಕ್ಟರುಗಳಲ್ಲಿ ಬಂದಿದ್ದರು. ಹಾಲ್ ಟಿಕೆಟು ಹಿಡಿದ ಮಕ್ಕಳು ಕಿಟಕಿಯ ಸರಳಿಗೆ ಜೋತುಬಿದ್ದಿದ್ದರು. ಎಲ್ಲ ಕಡೆಯಿಂದಲೂ ಒಂದೇ ಸಲ ನುಗ್ಗಿದ್ದರಿಂದ ಆ ಪುಟ ತೆರೆಯುತ್ತಲೇ ಇರಲಿಲ್ಲ. ಬೆಳಿಗ್ಗೆ ಕೂತವಳು ಸಂಜೆಯವರೆಗೆ ಏಳಲಿಲ್ಲ. ಪಾಸಾದವರ ಮನೆಯವರು ಬಾಯಿಗೆ ಸಕ್ಕರೆ ಹಾಕಿದರು. ಫೇಲಾದ ಒಬ್ಬ ಹುಡುಗಿಯ ಅಪ್ಪ, "ಸರಿಯಾಗ್ ನೋಡವ್ವ, ಇನ್ನೊಂದ್ಸಲ ನೋಡವ್ವ" ಎಂದು ನನ್ನನ್ನೇ ಬೇಡಿಕೊಳ್ಳುತ್ತಿದ್ದ, ನಾನೇ ಅವಳನ್ನು ಫೇಲು ಮಾಡಿದವಳಂತೆ. ಜನ ಹೋದ ಮೇಲೆ ಮಾವ ನನ್ನ ತಲೆ ಸವರಿ, "ಇನ್ನು ಪಿಯೂಸಿದೂ ನೀನೇ ನೋಡ್ಬೇಕು ಮಗ" ಎಂದರು. ಮುಂದಿನ ವರ್ಷ, ಅದರ ಮುಂದಿನ ವರ್ಷ, ಇದೇ ಕುರ್ಚಿಯಲ್ಲಿ ನಾನು ಮುದುಕಿಯಾಗುವುದು ಕಣ್ಣಿಗೆ ಕಟ್ಟಿತು.

ಆ ವಾರವೇ ಪೇಪರಿನಲ್ಲಿ ಒಂದು ಜಾಹೀರಾತು ನೋಡಿದೆ. ನಾಗಮಂಗಲದ ಒಂದು ಖಾಸಗಿ ಶಾಲೆಗೆ ಮಕ್ಕಳಿಗೆ ಕಂಪ್ಯೂಟರ್ ಕಲಿಸಲು ವಿಜ್ಞಾನ ಪದವೀಧರರು ಬೇಕಾಗಿದ್ದರು. ಆಡಳಿತ ಮಂಡಳಿ ಬೆಂಗಳೂರಿನದು, ಈಮೇಲಿನಲ್ಲೂ ಅರ್ಜಿ ಕಳಿಸಬಹುದು ಎಂದಿತ್ತು. ಮನೆಯ ಟಪಾಲೆಲ್ಲ ಮಾವನ ಕೈಯಿಂದಲೇ ಹೋಗಿ ಬರುವುದು. ಇದೊಂದು ಹಾಗಲ್ಲ. ಮಧ್ಯಾಹ್ನ ಕೂತು ಬರೆದು, ಗಂಡನ ಈಮೇಲಿನಿಂದಲೇ ಕಳಿಸಿದೆ. ರಾಗಿಮೂಟೆಗಳ ನಡುವೆ ಕೂತು ಬರೆದದ್ದು ಒಂದು ಗುಂಡಿ ಒತ್ತಿದ್ದಕ್ಕೆ ಬೆಂಗಳೂರು ಸೇರಿತಲ್ಲ, ನನಗೆ ಮಾತ್ರ ಹೊಸ್ತಿಲು ದಾಟಲಾಗುತ್ತಿಲ್ಲ ಎಂದು ಸಂಕಟವಾಯಿತು.

ಗಂಡ ಫೋನು ಮಾಡಿದಾಗ ದನಿ ತಗ್ಗಿಸಿ ಹೇಳಿದೆ. "ಒಳ್ಳೇದೇ. ಆದರೆ ಅಪ್ಪನ್ನ ನೀನೇ ಕೇಳು" ಎಂದರು.

"ನೀವೊಂದು ಮಾತು ಹೇಳಿ."

"ನಾನಿಲ್ಲಿಂದ ಹೇಳಿದ್ರೆ ಸರಿಹೋಗಲ್ಲ. ಫೋನ್ ಯಾರ್ ನೋಡ್ಕೋತಾರೆ ಅಂತಾರೆ. ಅದಕ್ಕೆ ನನ್ನ ಹತ್ರ ಉತ್ತರ ಇಲ್ವಲ್ಲ."

ರಿಸೀವರ್ ಇಟ್ಟು ತಿರುಗಿದೆ. ಅತ್ತೆ ಗೋಡೆಗೆ ಒರಗಿ ಅಕ್ಕಿ ಆರಿಸುತ್ತಿದ್ದರು. ನನ್ನ ಅರ್ಧ ಮಾತಿನಿಂದಲೇ ಅವರಿಗೆ ಪೂರ್ತಿ ತಿಳಿದಿತ್ತು ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಮಾವನಿಗೆ ಹೇಳುತ್ತಾರೆಂದು ಆ ಸಂಜೆಯೆಲ್ಲ ಕಾದೆ. ಹೇಳಲಿಲ್ಲ. ನನ್ನನ್ನೂ ಏನೂ ಕೇಳಲಿಲ್ಲ.

ಉತ್ತರ ಬಂದಿದೆಯೇ ಎಂದು ದಿನಾ ನೋಡುತ್ತಿದ್ದೆ. ಬಂದಿರಲಿಲ್ಲ. ಅಷ್ಟರಲ್ಲಿ ಒಂದು ಸಂಜೆ, ಮಳೆಗಾಲಕ್ಕೆ ಮುಂಚಿನ ಗುಡುಗು ಮಳೆ. ನಾನು ಒಣಗಲು ಹಾಕಿದ್ದ ಸೌದೆ ಒಳಗೆ ತರುತ್ತಿದ್ದೆ. ಕಣ್ಣು ಕುಕ್ಕುವ ಬೆಳಕು, ಅದರ ಬೆನ್ನಿಗೇ ಮನೆ ಅದುರುವ ಸದ್ದು. ಹಜಾರದಲ್ಲಿ ಅತ್ತೆ ಕಿರುಚಿಕೊಂಡರು. ಓಡಿದೆ. ಅವರಿಗೆ ಏನೂ ಆಗಿರಲಿಲ್ಲ. ಮಂಡಿನೋವು ಮರೆತು ಎದ್ದು ದೂರದ ಮೂಲೆಯಲ್ಲಿ ನಿಂತಿದ್ದರು. ಗೋಡೆಯ ಪೆಟ್ಟಿಗೆಯಿಂದ ಹೊಗೆ ಬರುತ್ತಿತ್ತು. ಕೋಣೆಯಲ್ಲಿ ಮೋಡೆಮ್ಮಿನ ಡಬ್ಬಿ ಒಂದು ಕಡೆ ಕರಗಿ ಸೊಟ್ಟಗಾಗಿತ್ತು. ಸಿಡಿಲು ಆಂಟೆನಾಕ್ಕೇ ಬಡಿದು ಕೇಬಲ್ಲಿನ ಗುಂಟ ಇಳಿದಿತ್ತು. ಕಂಪ್ಯೂಟರೂ ಹತ್ತಲಿಲ್ಲ.

ಅತ್ತೆಗೆ ನೀರು ಕೊಟ್ಟು ಕೂರಿಸಿ, ಆಮೇಲೆ ಆ ಸುಟ್ಟ ಡಬ್ಬಿಯ ಮುಂದೆ ಬಂದು ನಿಂತೆ. ನನಗೆ ಬರಬೇಕಾದ ಉತ್ತರ ಈಗ ಎಲ್ಲಿಗೆ ಬರುತ್ತದೆ? ಬಂದು ಎಲ್ಲೋ ಕೂತಿದ್ದರೂ ತೆಗೆದು ನೋಡುವುದು ಹೇಗೆ? ಇದ್ದ ಒಂದು ಕಿಂಡಿಯೂ ಮುಚ್ಚಿತು ಎನಿಸಿತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ತಲೆಗೂದಲಿಗೆಲ್ಲ ಹತ್ತಿಕೊಂಡಿತ್ತು.

ಬೆಳಿಗ್ಗೆ ಮಾವ ಸುಟ್ಟ ಪೆಟ್ಟಿಗೆಯನ್ನು ಗೋಡೆಯಿಂದ ಬಿಚ್ಚಿಕೊಂಡು ಪಾಂಡವಪುರಕ್ಕೆ ಹೋಗಿ ಕಂಪ್ಲೇಂಟು ಕೊಟ್ಟು ಬಂದರು. ಪೆಟ್ಟಿಗೆಯನ್ನೇ ಬದಲಾಯಿಸಬೇಕು, ಬರಲು ದಿನ ಹಿಡಿಯುತ್ತದೆ ಎಂದಿದ್ದರಂತೆ. ಜಗಲಿಯಲ್ಲಿ ಅದನ್ನೇ ಹೇಳಿಕೊಂಡು ಪೇಚಾಡುತ್ತಿದ್ದರು. ನಾನು ಮುದ್ದೆ ತೊಳಸುತ್ತ ಕೇಳಿಸಿಕೊಂಡೆ. ಕೈ ತಾನಾಗಿ ನಿಂತಿತು. ಫೋನಿಲ್ಲ. ಇನ್ನು ಕೆಲವು ದಿನ ಯಾವ ಕರೆಯೂ ಬರುವುದಿಲ್ಲ. ಹಾಗಾದರೆ ನಾನು ಈ ಮನೆಯಲ್ಲಿ ಕೂತು ಏನನ್ನು ಕಾಯುತ್ತಿದ್ದೇನೆ?

ಊಟಕ್ಕೆ ಬಡಿಸುವಾಗ ಹೇಳಿಬಿಟ್ಟೆ. "ಮಾವ, ನಾಳೆ ನಾನು ನಾಗಮಂಗಲಕ್ಕೆ ಹೋಗಿಬರ್ತೀನಿ. ಒಂದು ಸ್ಕೂಲಲ್ಲಿ ಕೆಲಸ ಕೇಳಿದ್ದೆ. ಅವರ ಉತ್ತರ ಇದರಲ್ಲಿ ಬರಬೇಕಿತ್ತು, ಸುಟ್ಟೋಯ್ತು. ಹೋಗಿ ಕೇಳ್ತೀನಿ."

ಮಾವನ ತುತ್ತು ಅಲ್ಲೇ ನಿಂತಿತು. "ನಾಗಮಂಗ್ಲಕ್ಕಾ? ಒಬ್ಳೇನಾ? ಅಲ್ಲ ಮಗಾ, ಫೋನು..." ಎಂದವರು ಗೋಡೆಯ ಕಡೆ ನೋಡಿದರು. ಅಲ್ಲಿ ಕರಿಬಡಿದ ನಾಲ್ಕು ಮೊಳೆಗಳಷ್ಟೇ ಇದ್ದವು.

"ಅದು ಸತ್ತದಲ್ಲ" ಎಂದರು ಅತ್ತೆ, ಗೋಡೆಯ ಬುಡದಿಂದ. "ಓಗ್ಬರ್ಲಿ ಬುಡಿ."

"ರಿಪೇರಿ ಆದ್ಮೇಲೆ?"

"ಆದ್ಮೇಲೆ ನಾನಿಲ್ವಾ? ಕಿವಿ ಕೇಳ್ತದೆ, ಬಾಯದೆ. ಇಷ್ಟ್ ವರ್ಸ ಪಕ್ಕದಲ್ಲೇ ಕುಂತಿವ್ನಿ. ಒಬ್ರಾದ್ರೂ, ಎತ್ಕೊ ಅಂದಿದ್ದೀರಾ ನನ್ಗೆ?"

ಮಾವ ತಟ್ಟೆಯ ಮುದ್ದೆ ಮುರಿದರು. ಬಡಿಸುತ್ತಿದ್ದ ನಾನು ಅತ್ತೆಯ ಕಡೆ ತಿರುಗಿದೆ. ಅತ್ತೆಯ ದನಿಯಲ್ಲಿ ನನ್ನ ಮೇಲಿನ ಕರುಣೆಗಿಂತ ಸಿಟ್ಟೇ ಹೆಚ್ಚಿತ್ತು. ಫೋನು ಬಡಿದಾಗಲೆಲ್ಲ ಅವರು ನನ್ನನ್ನು ಕೂಗುತ್ತಿದ್ದುದು, ಅದು ಸೊಸೆಯ ಫೋನು ಎಂದು ಎಲ್ಲರೂ ಸೇರಿ ತೀರ್ಮಾನಿಸಿಬಿಟ್ಟಿದ್ದರಿಂದ. ಮನೆಯ ಯಜಮಾನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಿನ್ನೆ ಮೊನ್ನೆ ಬಂದ ಹುಡುಗಿಗೆ ಊರು ಸಲಾಮು ಹೊಡೆಯುವುದನ್ನು ಅವರು ದಿನಾ ನೋಡಿದ್ದರು. ಅದು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ.

ಮಾರನೆಯ ಬೆಳಿಗ್ಗೆ ಪಾಂಡವಪುರಕ್ಕೆ ಬಂದು ನಾಗಮಂಗಲದ ಬಸ್ಸು ಹಿಡಿದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಜಕ್ಕನಹಳ್ಳಿ ದಾಟಿದ ಮೇಲೆ ಕಬ್ಬು ಮರೆಯಾಗಿ, ತೆಂಗಿನಮರಗಳು, ಮೊದಲ ಮಳೆಗೆ ಉತ್ತಿಟ್ಟ ಕೆಂಪು ಹೊಲಗಳು ಬಂದವು. ಖುಷಿಯಾಗಬೇಕಿತ್ತು, ಆಗಲಿಲ್ಲ. ಈ ಬಸ್ಸಿನಲ್ಲಿ ನನ್ನನ್ನು ಯಾರಾದರೂ ಹೆಸರು ಹಿಡಿದು ಕರೆದು ಇಳಿಸಿಕೊಂಡು ಹೋಗುತ್ತಾರೆ ಎಂಬ ಭಯ ಪ್ರತಿ ಸ್ಟಾಪಿನಲ್ಲೂ ಕಾಡುತ್ತಿತ್ತು.

ಶಾಲೆಯ ಮುಖ್ಯೋಪಾಧ್ಯಾಯಿನಿ ನನ್ನ ವಿಷಯ ಕೇಳಿ, "ಬರೋದಾದ್ರೆ ಸಂಜೆಯೊಳಗೆ ತಿಳಿಸಿ ಅಂತ ನಿನ್ನೆ ಬೆಳಿಗ್ಗೇನೇ ಬೆಂಗಳೂರಿನವರು ನಿಮಗೆ ಈಮೇಲ್ ಕಳಿಸಿದ್ರಲ್ಲ? ಉತ್ತರಾನೇ ಬರಲಿಲ್ಲ, ಇಷ್ಟ ಇಲ್ಲ ಅಂದ್ಕೊಂಡ್ರು" ಎಂದರು. ಸಿಡಿಲಿನ ಕಥೆ ಹೇಳಿದೆ. ನಂಬಿದರೋ ಇಲ್ಲವೋ, ಒಂದು ಕೋಣೆಗೆ ಕರೆದುಕೊಂಡು ಹೋದರು. ಅಲ್ಲಿ ಹೊದಿಕೆ ಹಾಕಿದ ಹೊಸ ಕಂಪ್ಯೂಟರುಗಳು, ಮೂಲೆಯಲ್ಲಿ ಪೊಟ್ಟಣ ಬಿಚ್ಚದ ಒಂದು ಮೋಡೆಮ್ಮು. "ಇದನ್ನ ಜೋಡಿಸೋಕೆ ಬರುತ್ತಾ? ಎರಡು ಸಲ ಬಂದು ನೋಡಿದ್ರು, ಆಗಲಿಲ್ಲ" ಎಂದರು.

ನಾನು ನೆಲದ ಮೇಲೆ ಕೂತು ಪೊಟ್ಟಣ ಬಿಚ್ಚಿದೆ. ವೈರು ಸಿಕ್ಕಿಸಿ ನಂಬರು ಹಚ್ಚಿದೆ. ಕಿರುಚಿ ಸುಮ್ಮನಾಯಿತು; ಇಲ್ಲಿಯ ತಂತಿಯ ಲೈನಿನಲ್ಲೂ ಗೊರಗೊರ ಇತ್ತು. ನಿಧಾನವಾಗಿ ಮಾತಾಡು ಎಂಬ ಆ ಒಂದು ಸಾಲು ನನಗೆ ಬಾಯಿಪಾಠವಾಗಿತ್ತು. ಬರೆದು ಮತ್ತೆ ಹಚ್ಚಿದೆ. ದೀಪಗಳು ಹತ್ತಿ ನಿಂತವು. ಮುಖ್ಯೋಪಾಧ್ಯಾಯಿನಿ ನನ್ನ ಹಿಂದೆ ನಿಂತು ಮೊದಲ ಪುಟ ಇಳಿಯುವುದನ್ನು ಕೊನೆಯವರೆಗೆ ನೋಡಿದರು. ಸೋಮವಾರದಿಂದ ಬನ್ನಿ ಎಂದರು.

ಮಾವ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಸೋಮವಾರ ಬೆಳಿಗ್ಗೆ ನಾನು ಬಸ್ಸಿಗೆ ಹೋಗುವಾಗ ಬೇಕೆಂದೇ ಹೊಲದ ಕಡೆ ಹೋಗಿದ್ದರು. ತಿಂಗಳುಗಟ್ಟಲೆ ಹಾಗೇ ನಡೆಯಿತು. ನನ್ನ ಗಂಡ ತರಬೇತಿ ಮುಗಿಸಿ ಬಂದು, ಸುಟ್ಟ ಮೋಡೆಮ್ಮನ್ನು ಬಿಚ್ಚಿ ನೋಡಿ, ಇನ್ನೊಂದು ತರುತ್ತೇನೆಂದರು. ಮನೆಗೆ ಬೇಡ ಎಂದೆ. ಮುಂದಿನ ರಿಸಲ್ಟಿಗೆ ಊರಿನ ಮಕ್ಕಳ ನಂಬರುಗಳನ್ನು ಶಾಲೆಗೇ ತೆಗೆದುಕೊಂಡು ಹೋಗಿ ನೋಡಿಕೊಂಡು ಬಂದೆ.

ಶಾಲೆಗೆ ಸೇರಿದ ಹೊಸತರಲ್ಲಿ, ಆಫೀಸಿನ ಫೋನು ರಿಂಗಾದರೆ ನಾನು ಪಾಠದ ನಡುವೆ ಮಾತು ನಿಲ್ಲಿಸಿ ಬಾಗಿಲ ಕಡೆಗೆ ಎರಡು ಹೆಜ್ಜೆ ಇಟ್ಟುಬಿಡುತ್ತಿದ್ದೆ. ಮಕ್ಕಳು ಕಿಸಕ್ಕೆಂದು ನಗುತ್ತಿದ್ದರು. ಊರಿನ ಫೋನು ರಿಪೇರಿಯಾಗಿ ಸ್ವಲ್ಪ ದಿನವಾಗಿತ್ತು. ಒಂದು ಮಧ್ಯಾಹ್ನ ಹಾಗೆಯೇ ರಿಂಗಾಯಿತು. ಆಳು ಬಂದು, "ಮೇಡಂ, ನಿಮ್ಮ ಮನೆಯಿಂದ" ಎಂದ. ಮತ್ತೆ ಹಿಂದಿ, ಮತ್ತೆ ಬಾಗಿಲಲ್ಲಿ ಕೂತ ತಾಯಿ, ಮತ್ತೆ ಬಂದ್ಬುಡವ್ವ. ಓಡಿ ಹೋಗಿ ರಿಸೀವರ್ ಹಿಡಿದೆ.

"ಅಲೋ" ಎಂದಿತು ಅತ್ತೆಯ ದನಿ, ಬೆಟ್ಟದ ಆಚೆಯಿಂದ ಕೂಗಿದಷ್ಟು ಜೋರಾಗಿ.

"ಏನಾಯ್ತು ಅತ್ತೆ? ಯಾರಿಗೇನಾಯ್ತು?"

"ಯಾರ್ಗೂ ಏನೂ ಆಗಿಲ್ಲ ಕಣಮ್ಮಿ. ನೀನ್ ಗೋಡೆ ಮ್ಯಾಲೆ ಬರ್ದಿದ್ ನಂಬ್ರ ನೋಡ್ಕೊಂಡು ನಾನೇ ಒತ್ದೆ. ಬತ್ತದಾ ನೋಡವಾ ಅಂತ." ಲೈನು ಗೊರಗೊರ ಎಂದಿತು. ಆಮೇಲೆ, "ಬತ್ತು ಕಣಮ್ಮಿ" ಎಂದರು.

ನಾನು ಮುಖ್ಯೋಪಾಧ್ಯಾಯಿನಿಯ ಮೇಜಿಗೆ ಒರಗಿಕೊಂಡೆ. ಊಟ ಆಯ್ತಾ ಅತ್ತೆ ಎಂದು ಕೇಳಿದೆ. ಆಯಿತು, ಸೊಪ್ಪಿನ ಸಾರು ಮಾಡಿದ್ದೆ ಎಂದರು. ಇಡುವ ಮನಸ್ಸು ಅವರಿಗೂ ಇರಲಿಲ್ಲ. ನಾವಿಬ್ಬರೂ ಇನ್ನೊಂದಿಷ್ಟು ಹೊತ್ತು, ಸಾರಿನ ವಿಷಯವನ್ನೇ ಮಾತಾಡಿದೆವು.